ಹಳದಿ ಮಲ್ಟಿಮೀಟರನ್ನು ಪ್ಲಗ್ ಪಾಯಿಂಟಿಗೆ ಚುಚ್ಚಬೇಡಿ

ವೋಲ್ಟೇಜ್, ಕರೆಂಟ್ ಎಲ್ಲ ಅಳೆಯುವ, 200–300 ರೂಪಾಯಿಗೆ ಸಿಗುವ ಹಳದಿ ಮೀಟರ್ ಇದೆಯಲ್ಲ, 830 ಅಂತ ಬರೆದಿರುತ್ತದೆ, ಅದನ್ನು ಮನೆಯ ಕರೆಂಟ್ ಲೈನಿಗೆ ಇಡಲೇಬೇಡಿ. 5 ವೋಲ್ಟ್, 9 ವೋಲ್ಟ್ ಸರ್ಕ್ಯೂಟಿಗೆ ಪರವಾಗಿಲ್ಲ. 230ಕ್ಕೆ ಬೇಡ.

ನಾನು ತಗೊಂಡಿದ್ದು ಮಡಿಕೇರಿಯ ಒಂದು ಅಂಗಡಿಯಲ್ಲಿ. ಮುಂದುಗಡೆ ದೊಡ್ಡದಾಗಿ ಕ್ಯಾಟ್ 3, 1000 ವೋಲ್ಟ್ ಅಂತ ಪ್ರಿಂಟ್ ಇತ್ತು, ಅಂದರೆ ಕಟ್ಟಡದ ಕರೆಂಟ್ ಲೈನಿಗೆ ಇಡಬಹುದು ಅನ್ನುವ ಸುರಕ್ಷತಾ ದರ್ಜೆ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಹೋಗಿದ್ದ ಕರೆಂಟ್ ವಾಪಸ್ ಬಂದಾಗ ಲೈಟೆಲ್ಲ ಮಂಕಾಗಿ ಉರಿಯುತ್ತಿತ್ತು, ವೋಲ್ಟೇಜ್ ಎಷ್ಟಿದೆ ನೋಡೋಣ ಅಂತ ಮೀಟರಿನ ಪ್ರೋಬ್, ಅಂದರೆ ತಂತಿಯ ತುದಿಯ ಸೂಜಿಗಳನ್ನು, ಪ್ಲಗ್ ಪಾಯಿಂಟಿಗೆ ಹಾಕಿದೆ. ನೋಡಿ ಹೊರಗೆ ಎಳೆದರೆ ಕೆಂಪು ಹಿಡಿ ಮಾತ್ರ ಕೈಗೆ ಬಂತು. ಸೂಜಿ ಫೇಸ್ ತೂತಿನಲ್ಲೇ ನಿಂತಿದೆ, ಅರ್ಧ ಇಂಚು ಲೋಹ ಹೊರಗೆ, ಅದರಲ್ಲಿ ಪೂರ್ತಿ ಕರೆಂಟ್! ಪಕ್ಕದಲ್ಲಿ ಅಕ್ಕನ ಮಗ ಟಾರ್ಚ್ ಹಿಡಿದು ನಿಂತಿದ್ದ. ಮೇನ್ ಆಫ್ ಮಾಡಿ ಇಕ್ಕಳದಲ್ಲಿ ಎಳೆದು ತೆಗೆದೆ. ಅಂಗಡಿಯವರು ‘ಪ್ರೋಬ್ ಬದಲಿಸಿ ಕೊಡ್ತೀನಿ ಬಿಡಿ’ ಅಂದರು, ಅಷ್ಟೇ.

ಆಮೇಲೆ ಮುಚ್ಚಳ ಬಿಚ್ಚಿದೆ. ಸಣ್ಣ ಕರೆಂಟ್ ಅಳೆಯುವ ಮಿಲಿಆಂಪ್ ತೂತಿನ ಕಡೆಗೆ ಒಂದು ಪುಟ್ಟ ಗಾಜಿನ ಫ್ಯೂಸ್. ದೊಡ್ಡ ಕರೆಂಟ್ ಅಳೆಯುವ 10 ಆಂಪ್ ತೂತಿಗೆ ಫ್ಯೂಸೇ ಇಲ್ಲ, ಒಂದು ದಪ್ಪ ತಂತಿ ನೇರ ಕಾಮನ್‌ಗೆ, ಅಂದರೆ ಕಪ್ಪು ಪ್ರೋಬಿನ ತೂತಿಗೆ, ಹೋಗಿದೆ. ಅಂದರೆ ಪ್ರೋಬ್ ಆ ತೂತಿನಲ್ಲಿದ್ದಾಗ ಲೈನಿಗೆ ಮುಟ್ಟಿಸಿದರೆ ನೇರ ಶಾರ್ಟ್. ಕ್ಯಾಟ್ 3, 1000 ವೋಲ್ಟ್ ಅನ್ನುವ ಮೀಟರ್ 8000 ವೋಲ್ಟಿನ ಕ್ಷಣಿಕ ಹೊಡೆತ ತಡೆದುಕೊಳ್ಳಬೇಕು. ಇದು ತಡೆಯುತ್ತದಾ? ಸುಮ್ನೆ ಅಚ್ಚು ಹಾಕಿದ್ದಾರೆ ಅಷ್ಟೇ. ಅಂಥ ಹೊಡೆತ ತರುವ ಸಿಡಿಲು ನಮ್ಮ ಕಡೆ ಬೇರೆ ಜಾಸ್ತಿ.

ಇನ್ನೊಂದು ತಲೆನೋವು, ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಾಗ ಇದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇನ್ವರ್ಟರ್ ಬ್ಯಾಟರಿ 12.9 ಅಂತ ತೋರಿಸುತ್ತಿತ್ತು, ಭಾವನ ಮೀಟರಿನಲ್ಲಿ ನೋಡಿದರೆ 12.2.

ತಗೊಳ್ಳುವವರು ಸ್ವಲ್ಪ ದುಡ್ಡು ಜಾಸ್ತಿ ಆದರೂ ಎರಡೂ ಆಂಪ್ ತೂತಿಗೆ ಫ್ಯೂಸ್ ಇರುವುದನ್ನೇ ತಗೊಳ್ಳಿ, ಸೆರಾಮಿಕ್ ಫ್ಯೂಸ್ ಆದರೆ ಒಳ್ಳೆಯದು. ಅಂಗಡಿಯಲ್ಲೇ ಪ್ರೋಬಿನ ಸೂಜಿ ಹಿಡಿದು ಜೋರಾಗಿ ಎಳೆದು ನೋಡಿ, ಮುಲಾಜು ಬೇಡ. ಒಂದು ಪರ್ಸೆಂಟ್ ಟಾಲರೆನ್ಸಿನ (ಬರೆದ ಬೆಲೆಗಿಂತ ಒಂದು ಪರ್ಸೆಂಟ್ ಮಾತ್ರ ಆಚೀಚೆ ಆಗುವ) 10 ಕಿಲೋ ಓಮ್ ರೆಸಿಸ್ಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, 9.8ರಿಂದ 10.2ರ ಒಳಗೆ ತೋರಿಸದಿದ್ದರೆ ಬಿಟ್ಟುಬಿಡಿ. ಕಂಟಿನ್ಯೂಟಿ ಬೀಪ್, ಅಂದರೆ ಎರಡು ಕಡೆ ಜೋಡಣೆ ಇದ್ದರೆ ಬರುವ ಸದ್ದು, ಮುಟ್ಟಿಸಿದ ತಕ್ಷಣ ಬರಬೇಕು, ಬೆಸುಗೆ ಚೆಕ್ ಮಾಡುವವರಿಗೆ ಅದೇ ಮುಖ್ಯ ಅಲ್ವಾ. ಮಳೆಗಾಲದಲ್ಲಿ ಬಳಸದಿದ್ದರೆ ಬ್ಯಾಟರಿ ಬಿಚ್ಚಿಡಿ, ಇಲ್ಲಿನ ಥಂಡಿಗೆ ಕ್ಲಿಪ್ಪೆಲ್ಲ ಹಸಿರುಗಟ್ಟುತ್ತದೆ.