ರಿಲುಜೋಲ್ 50 ಮಿ.ಗ್ರಾಂ ಮಾತ್ರೆ: ರಾಯಚೂರಿನ ಮನೆಗಳಿಗೆ ತಿಳಿದಿರಲಿ

ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯನ್ನು ಇದು ವಾಸಿ ಮಾಡುವುದಿಲ್ಲ, ವೇಗ ತಗ್ಗಿಸುತ್ತದೆ ಅಷ್ಟೆ. ಪ್ರಯೋಗಗಳಲ್ಲಿ ಸಿಕ್ಕ ಲಾಭ ಎರಡು-ಮೂರು ತಿಂಗಳ ಹೆಚ್ಚಿನ ಆಯಸ್ಸು. ಆದರೂ ಶುರು ಮಾಡುವುದೇ ಒಳ್ಳೆಯದು ಎನ್ನುತ್ತೇವೆ.

ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಅತಿಯಾದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಅದನ್ನು ಕೊಲ್ಲುತ್ತದೆ. ಮಾತ್ರೆ ಈ ಗ್ಲುಟಮೇಟ್ ಸುರಿಯುವುದನ್ನೇ ತಗ್ಗಿಸುತ್ತದೆ. ಕೆಲವರಲ್ಲಿ ಮಾತ್ರ ಎಸ್‌ಒಡಿ1 ಎಂಬ ಕಿಣ್ವದ ಜೀನ್ ಕೆಟ್ಟಿರುತ್ತದೆ (1993ರಲ್ಲಿ ಪತ್ತೆಯಾದದ್ದು). ತಪ್ಪಾಗಿ ಮಡಚಿಕೊಂಡ ಕಿಣ್ವ ಗಂಟುಗಟ್ಟಿ ಕೋಶಕ್ಕೆ ವಿಷವಾಗುತ್ತದೆ. ಅವರಿಗಾಗಿಯೇ ಟೋಫರ್ಸೆನ್ ಎಂಬ ಬೇರೆ ಔಷಧವಿದೆ.

ದಿನಕ್ಕೆ ಎರಡು ಮಾತ್ರೆ, ಹನ್ನೆರಡು ತಾಸಿಗೊಂದು. ಊಟಕ್ಕೆ ಒಂದು ತಾಸು ಮುಂಚೆ ಅಥವಾ ಎರಡು ತಾಸು ನಂತರ. ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ ಬದನೆಕಾಯಿ ಉಂಡ ಕೂಡಲೇ ನುಂಗಿದರೆ ಜಿಡ್ಡಿನಿಂದಾಗಿ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಬೇಡ. ನುಂಗಲಾಗದೆಂದು ಪುಡಿ ಮಾಡಿ ಕೊಡಬೇಡಿ: ನಾಲಿಗೆ ಜೋಮು ಹಿಡಿದು, ಮೊದಲೇ ಸೋತ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ. ದ್ರವರೂಪದ ಔಷಧ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಮೊದಲ ಮೂರು ತಿಂಗಳು ಪ್ರತಿ ತಿಂಗಳೂ ಎಸ್‌ಜಿಪಿಟಿ (ಯಕೃತ್ತಿನ ಸ್ಥಿತಿ ತಿಳಿಸುವ) ರಕ್ತಪರೀಕ್ಷೆ ಮಾಡಿಸಲೇಬೇಕು. ಯಕೃತ್ತಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಆಗಲೇ. ಜ್ವರ ಬಂದರೆ ಬಿಳಿರಕ್ತಕಣವನ್ನೂ ಎಣಿಸಿ ನೋಡಬೇಕು. ಮಾತ್ರೆ ಪಟ್ಟಿ ಮುಗಿಯುವ ವಾರ ಮುಂಚೆಯೇ ಮೆಡಿಕಲ್‌ಗೆ ಹೇಳಿಡಿ.