ಗಾಡಿ ಯೂರಿಯಾ: ಬಕೆಟ್ಟೋ, ಲೂಸ್ ಕ್ಯಾನೋ, ಬಂಕ್ ಪೈಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಂಕ್ ಪೈಪ್‌ಗೆ. ಬಿಎಸ್6 (ಹೊಗೆ ಮಿತಿಯ ಹೊಸ ಸರ್ಕಾರಿ ನಿಯಮ) ಗಾಡಿ ತಗೊಂಡ ಮೇಲೆ ಡೆಫ್ ಅನ್ನು, ಅಂದರೆ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ನೀರನ್ನು, ಮೂರೂ ಥರ ಹಾಕಿಸಿ ನೋಡಿದ್ದೇನೆ. ನಮ್ಮದು ಚಿಕ್ಕ ಲಾರಿ. ದಾವಣಗೆರೆ ಎಪಿಎಂಸಿಯಿಂದ ಬೆಂಗಳೂರಿಗೆ ಮೆಕ್ಕೆಜೋಳ, ಬರುವಾಗ ಸಿಕ್ಕಿದ ಲೋಡು. ಲೈನ್ ಬದಲಾಗುವುದು ಅಪರೂಪ. ನನ್ನ ಲೆಕ್ಕವೆಲ್ಲ ಈ ಒಂದೇ ರಸ್ತೆಯದ್ದು.

ಡ್ರೈವರ್‌ಗಳಲ್ಲಿ ಇನ್ನೂ ಒಂದು ನಂಬಿಕೆ ಇದೆ, ಯೂರಿಯಾ ಹಾಕಿದರೆ ಪಿಕಪ್ ಬರುತ್ತದೆ ಅಂತ. ಹಾಗೇನಿಲ್ಲ. ಡೆಫ್ ಡೀಸೆಲ್ ಜೊತೆ ಸೇರುವುದೇ ಇಲ್ಲ. ಎಂಜಿನ್ ದಾಟಿ ಬಂದ ಬಿಸಿ ಹೊಗೆಗೆ ಅದನ್ನು ಸಿಂಪಡಿಸುತ್ತಾರೆ. ಆ ಬಿಸಿಗೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮುಂದೆ ಹೊಗೆ ಪೈಪಿನಲ್ಲಿರುವ ಕ್ಯಾಟಲಿಸ್ಟ್ ಅನ್ನೋ ಭಾಗದಲ್ಲಿ ಆ ಅಮೋನಿಯಾ ಹೊಗೆಯಲ್ಲಿನ ವಿಷಾನಿಲ ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ಹಿಂದಿನ ಬಿಎಸ್4 ನಿಯಮದಲ್ಲಿ ಲಾರಿ ಎಂಜಿನ್‌ಗೆ ಪ್ರತಿ ಕಿಲೋವ್ಯಾಟ್ ಅವರ್‌ಗೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಲು ಅವಕಾಶ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಅದು 0.4ರ ಆಸುಪಾಸಿಗೆ ಇಳಿಯಿತು. ಅಷ್ಟು ಇಳಿಸಬೇಕು ಅಂದರೆ ಈ ನೀರು ಬೇಕೇ ಬೇಕು.

ಈಗ ಬಕೆಟ್ ವಿಷಯ. ಮಾಲು ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಉಳಿಕೆಯದ್ದು. ಬಕೆಟ್ 20 ಲೀಟರ್. ನಮ್ಮ ಗಾಡಿಯ ಡೆಫ್ ಟ್ಯಾಂಕ್ ಅಷ್ಟನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಡೆಫ್ ಕಡಿಮೆ ಆಯ್ತು ಅನ್ನುವ ಲೈಟ್ ಬಂದ ಮೇಲೆ ಸುರಿದರೂ ಕಾಲು ಬಕೆಟ್ ಮಿಕ್ಕೇ ಮಿಗುತ್ತದೆ. ನಾವು ತರಿಸುತ್ತಿದ್ದ ಬಕೆಟ್ಟಿನ ಮುಚ್ಚಳ ಒಂದು ಸಲ ಕಿತ್ತರೆ ಮತ್ತೆ ಗಟ್ಟಿಯಾಗಿ ಕೂರುತ್ತಿರಲಿಲ್ಲ. ಜೊತೆಗೆ ಕೊಡುವ ಪೈಪು ಎರಡನೇ ಸಲಕ್ಕೆ ಎಲ್ಲೂ ಸಿಗುವುದಿಲ್ಲ.

ಈ ಉಳಿಕೆ ಇರುತ್ತಿದ್ದದ್ದು ಶೀಟ್ ಹೊದಿಸಿದ ಗೋಡೌನ್‌ನಲ್ಲಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಶೀಟ್ ಕೆಳಗೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಡೆಫ್ ಅನ್ನು 30 ಡಿಗ್ರಿ ಒಳಗೆ ಇಟ್ಟರೆ ಒಂದು ವರ್ಷ ತಡೆಯುತ್ತದೆ, 35ಕ್ಕೆ ಹೋದರೆ ಆರೇ ತಿಂಗಳು. ಅದೂ ಸೀಲ್ ಇದ್ದರೆ. ಬಿಸಿಲಿಗಿಂತ ಜಾಸ್ತಿ ಕಾಟ ಕೊಟ್ಟದ್ದು ಮೆಕ್ಕೆಜೋಳದ ದೂಳು. ಚೀಲ ಇಳಿಸುವಾಗ ಗೋಡೌನ್ ತುಂಬ ಹಳದಿ ಪುಡಿ ಹಾರುತ್ತದೆ. ಸಡಿಲ ಮುಚ್ಚಳದ ಬಕೆಟ್ ಬಿಟ್ಟು ಬೇರೆ ಎಲ್ಲಿ ಕೂರಬೇಕು ಅದು?

ಹಿರಿಯೂರು ದಾಟಿದ ಮೇಲೆ ಡ್ರೈವರ್ ಫೋನು ಬಂತು. “ಅಣ್ಣ, ಲೈಟ್ ಬಂದೈತಿ, ಗಾಡಿ ಎಳೀತಿಲ್ಲ.” ಟ್ಯಾಂಕಲ್ಲಿ ಡೆಫ್ ಇತ್ತು. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ, ಡೆಫ್ ಪಂಪಿನ ಫಿಲ್ಟರ್ ಬಿಚ್ಚಿದರು. ಒಳಗೆ ಹಳದಿ ಕೆಸರು ಹಿಡಿದಿತ್ತು. ಡೆಫ್ ಸರಿಯಾಗಿ ಸಿಂಪಡಣೆ ಆಗದಿದ್ದರೆ ಬಿಎಸ್6 ಗಾಡಿ ಮೊದಲು ಲೈಟ್ ಹಾಕುತ್ತದೆ, ಆಮೇಲೆ ಪಿಕಪ್ ಕಿತ್ತುಕೊಳ್ಳುತ್ತದೆ, ಆಗಲೂ ಕೇಳದಿದ್ದರೆ ಎತ್ತಿನ ಗಾಡಿ ಥರ ಓಡಿಸುತ್ತದೆ. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ ಬರುವಷ್ಟರಲ್ಲಿ ಉಳಿಕೆ ಡೆಫ್ ಎಸೆಯದೆ ಉಳಿಸಿದ್ದ ದುಡ್ಡೆಲ್ಲ ಅಲ್ಲೇ ಕೊಟ್ಟಾಯಿತು. ಲೋಡು ತಡವಾಗಿದ್ದಕ್ಕೆ ಬಾಡಿಗೆಯಲ್ಲಿ ಕಡಿತ ಬೇರೆ.

ಬೇರೆ ಡಬ್ಬಕ್ಕೆ ಸುರಿದಿಡಬಹುದಲ್ಲ ಅನ್ನುತ್ತಾರೆ. ತಗಡಿನ ಡಬ್ಬ, ತಾಮ್ರ, ಹಿತ್ತಾಳೆ ಯಾವುದೂ ಆಗದು. ಡೆಫ್ ಅವನ್ನು ತಿನ್ನುತ್ತದೆ, ಆ ಲೋಹ ಹೋಗಿ ಕ್ಯಾಟಲಿಸ್ಟ್ ಕೆಡಿಸುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲೇ ಬೇಕು, ಅದೂ ಶುದ್ಧವಾಗಿರಬೇಕು. ಡೀಸೆಲ್ ಸುರಿದ ಫನಲ್ ಅಂತೂ ಮುಟ್ಟಲೇಬಾರದು.

ಅಂಗಡಿಯಲ್ಲಿ ಸೀಲ್ ಇಲ್ಲದೆ ಕೊಡುವ ಲೂಸ್ ಕ್ಯಾನ್ ಎಲ್ಲಕ್ಕಿಂತ ಅಗ್ಗ. ನಾನು ಒಂದೇ ಸಲಕ್ಕೆ ಕೈಬಿಟ್ಟೆ. ಅಂಗಡಿಯವನು ರಿಫ್ರಾಕ್ಟೋಮೀಟರ್‌ಗೆ ಒಂದು ಹನಿ ಹಾಕಿ “ನೋಡ್ರೀ, 32.5” ಅಂತ ತೋರಿಸಿದ. ಡೆಫ್‌ನಲ್ಲಿ ಯೂರಿಯಾ ಇರಬೇಕಾದ್ದು ಅಷ್ಟೇ ಪರ್ಸೆಂಟ್, ಸರಿ. ಆದರೆ ಆ ಮೀಟರ್ ಯೂರಿಯಾ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ, ಎಂಥದ್ದು ಅಂತ ಹೇಳುವುದಿಲ್ಲ. ಹೊಲಕ್ಕೆ ಹಾಕುವ ಬೇವು ಲೇಪಿತ ಯೂರಿಯಾವನ್ನು ಬೋರ್‌ವೆಲ್ ನೀರಿಗೆ ಕಲಸಿದರೂ ಅಷ್ಟೇ ತೋರಿಸೀತು. ನಮ್ಮ ಕಡೆ ಬೋರ್ ನೀರು ಕುದಿಸಿದ ಪಾತ್ರೆ ನೋಡಿದವರಿಗೆ ಆ ಸುಣ್ಣ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ರೈತರ ಸಬ್ಸಿಡಿ ಗೊಬ್ಬರವನ್ನು ಇದಕ್ಕೆ ಬಳಸುವುದು ಕಾನೂನುಬಾಹಿರ.

ಡೆಫ್ ಇಲ್ಲದೇ ಓಡಿಸುವ ‘ಬಾಕ್ಸ್’ ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದು ಗಾಡಿಗೆ ಸುಳ್ಳು ಹೇಳುವ ಯಂತ್ರ, ಹೊಗೆ ಹಾಗೆಯೇ ಹೊರಗೆ. ಹೋಲಿಕೆಗೆ ಸೇರಿಸಿಲ್ಲ.

ಬಂಕ್ ಪೈಪ್‌ನಲ್ಲಿ ನನಗೆ ಹಿಡಿಸಿದ್ದು ಬೇಕಾದಷ್ಟೇ ಹಾಕಿಸಬಹುದು ಅನ್ನೋದು. ಉಳಿಕೆ ಇಲ್ಲ, ಬಕೆಟ್ ಇಲ್ಲ, ದೂಳಿಲ್ಲ. ಡೀಸೆಲ್ ಹಾಕಿಸುವಾಗಲೇ ಮುಗಿಯುತ್ತದೆ. ಡೆಫ್ ಬಾಯಿ ಸಣ್ಣದು, 19 ಮಿಲಿಮೀಟರ್ ನಳಿಕೆಗೆ ಮಾಡಿದ್ದು, ಹಾಗಾಗಿ ಡೀಸೆಲ್ ಗನ್ ಅದಕ್ಕೆ ಹೋಗುವುದಿಲ್ಲ. ಬಕೆಟ್‌ನಿಂದ ಸುರಿದಾಗ ಚೆಲ್ಲಿ ಟ್ಯಾಂಕ್ ಮೇಲೆಲ್ಲ ಬಿಳಿ ಉಪ್ಪು ಕಟ್ಟುತ್ತಿತ್ತು, ಅದೂ ನಿಂತಿದೆ. ಲೀಟರ್ ಲೆಕ್ಕದಲ್ಲಿ ಬಕೆಟ್‌ಗಿಂತ ಕಡಿಮೆಯೇ ಬೀಳುತ್ತಿದೆ.

ಕೊರತೆ ಒಂದಿದೆ, ಎಲ್ಲ ಬಂಕಲ್ಲೂ ಡಿಸ್ಪೆನ್ಸರ್ ಇಲ್ಲ. ಹೈವೇ ಮೇಲೆ ನನಗೆ ತೊಂದರೆ ಆಗಿಲ್ಲ. ಕ್ರಷರ್, ಗಣಿ ಕಡೆ ಒಳರಸ್ತೆಯಲ್ಲೇ ಓಡಿಸುವವರಿಗೆ, ಟ್ಯಾಂಕ್ ದೊಡ್ಡದಿದ್ದು ಬಕೆಟ್ ಪೂರ್ತಿ ಒಂದೇ ಸಲಕ್ಕೆ ಖಾಲಿ ಮಾಡುವವರಿಗೆ ಬಕೆಟ್ಟೇ ಸರಿ. ಚಳ್ಳಕೆರೆ ಮೇಲೆ ಬಳ್ಳಾರಿಗೆ ಲೋಡು ಸಿಕ್ಕರೆ ನಾನೂ ಸೀಲ್ ಒಡೆಯದ 10 ಲೀಟರ್ ಕ್ಯಾನ್ ಒಂದನ್ನು ಕ್ಯಾಬಿನ್‌ನಲ್ಲಿ ಇಡಿಸುತ್ತೇನೆ. ಒಡೆದರೆ ಅಲ್ಲೇ ಖಾಲಿ ಮಾಡಬೇಕು ಅಂತ ಡ್ರೈವರ್‌ಗೆ ಹೇಳಿಟ್ಟಿದ್ದೇನೆ.