ಶಕ್ತಿಮಾನ್ ಪಂಪ್ ರಿಪೇರಿ: ಟ್ಯಾಂಕ್ ನೋಡದೆ ಪಂಪ್ ಮುಟ್ಟದ ಹುಬ್ಬಳ್ಳಿ ಅಂಗಡಿ

ನಮ್ಮ ಮಾವನ ಹತ್ತಿರ ಒಂದು ಹಳೇ ಶಕ್ತಿಮಾನ್ ಇದೆ. ಮಿಲಿಟರಿ ಹರಾಜಿನಲ್ಲಿ ಬಂದದ್ದು. ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸ್ ಮೇಲೆ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಆರು ಸಿಲಿಂಡರಿನ ಲಾರಿ. ಗದಗಿನ ಹತ್ತಿರ ಹೊಲದ ಶೆಡ್ಡಿನಲ್ಲಿ ಮೂರು ಮಳೆಗಾಲ ಸುಮ್ನೆ ನಿಂತಿತ್ತು, ಹೊಟ್ಟೆಯಲ್ಲಿ ಅರ್ಧ ಟ್ಯಾಂಕ್ ಡೀಸೆಲ್ ಇಟ್ಟುಕೊಂಡು. ಈ ವರ್ಷ ಎಬ್ಬಿಸಿದೆವು. ಬಿಳಿ ಹೊಗೆ ಉಗುಳಿ, ತಡವರಿಸಿ ಓಡಿ, ಅಣ್ಣಿಗೇರಿ ಮುಟ್ಟುವುದರೊಳಗೆ ಮೂರು ಸಲ ಬಂದ್ ಬಿತ್ತು. ಪ್ರತಿ ಸಲ ಕೈಪಂಪ್ ಒತ್ತಿ ಡೀಸೆಲ್ ಲೈನಿನಲ್ಲಿ ಸೇರಿದ ಏರ್ ತೆಗೆಯಬೇಕು. ಒಂದು ಗ್ಯಾರೇಜಿನವರು ನೋಡಿ ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಆವತ್ತು ಮಾವ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಯಾರೋ ಹೇಳಿದರು ಅಂತ ಗೋಕುಲ ರೋಡಿನ ಒಳಗಲ್ಲಿಯ ಈ ಪಂಪ್ ಅಂಗಡಿಗೆ ಹೋದೆ. ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಬಿಚ್ಚಿಕೊಂಡೇ ಹೋಗಿದ್ದೆ. ಅಂಗಡಿಯ ಚಾಚಾ ಅದನ್ನು ಮುಟ್ಟಲೇ ಇಲ್ಲ. "ತಮ್ಮಾ, ಮೊದಲ ಟ್ಯಾಂಕಿನ ತಳದ ಡೀಸೆಲ್ ಒಂದು ಬಾಟಲಿ ತಗೊಂಡ್ ಬಾ" ಅಂದರು. ವಾಪಸ್ ಗದಗಿಗೆ ಹೋಗಿ ತಂದೆ, ಒಂದು ದಿನ ಹೋಯಿತು. ಆದರೆ ಆ ಬಾಟಲಿ ಕಿಟಕಿಯಲ್ಲಿ ಒಂದು ರಾತ್ರಿ ನಿಂತ ಮೇಲೆ ಕಂಡದ್ದನ್ನು ಹಳೇ ಗಾಡಿ ಇಟ್ಟವರೆಲ್ಲ ನೋಡಬೇಕು. ಮೇಲೆ ಕಂದು ಡೀಸೆಲ್, ವಾರ್ನಿಷ್ ವಾಸನೆ. ಕೆಳಗೆ ಎರಡು ಬೆರಳು ನೀರು. ನಡುವೆ ಕರಿ ಲೋಳೆ, ಹಾಲಿನ ಕೆನೆ ಥರ, ಕಡ್ಡಿ ಹಾಕಿ ಎತ್ತಿದರೆ ಎಳೆಯಾಗಿ ಬರುತ್ತಿತ್ತು.

ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ತಣ್ಣಗಾದಾಗ ಒಳಗೋಡೆಗೆ ನೀರು ಹನಿಯುತ್ತದೆ, ತಳಕ್ಕೆ ಇಳಿಯುತ್ತದೆ. ನೀರು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಆ ಲೋಳೆ ಅದೇ. ಅದರಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ನೀರು ಮುಂದೆ ಹೋದರೆ ಪಂಪಿನೊಳಗೆ ಡೀಸೆಲ್ ಒತ್ತುವ ಕಡ್ಡಿಯನ್ನು, ಅಂದರೆ ಪ್ಲಂಜರನ್ನು, ತಿನ್ನುತ್ತದೆ. ಪ್ಲಂಜರಿನ ಸಂದು ಕೂದಲಿನ ದಪ್ಪದ ಹತ್ತನೇ ಒಂದು ಭಾಗವೂ ಇರಲ್ಲ, ಅದಕ್ಕೆ ಜಾರಿಕೆ ಕೊಡುವುದೂ ಡೀಸೆಲ್ಲೇ.

ಮೂರನೇ ದಿನ ಪಂಪನ್ನು ಪರೀಕ್ಷೆಯ ಬೆಂಚಿಗೆ ಹಾಕಿ ನನ್ನನ್ನು ಕರೆದರು. ಆರು ಗಾಜಿನ ಕೊಳವೆ ಸಾಲಾಗಿ, ಸಿಲಿಂಡರಿಗೊಂದು. ಮೋಟರ್ ತಿರುಗಿದ ಹಾಗೆ ನಾಲ್ಕರಲ್ಲಿ ಡೀಸೆಲ್ ಸಮ ಏರಿತು, ಐದನೆಯದು ಸ್ವಲ್ಪ ಹಿಂದೆ, ಆರನೆಯದು ಅರ್ಧಕ್ಕೇ ನಿಂತಿತು. ಆ ಪ್ಲಂಜರ್ ತೆಗೆದು ನನ್ನ ಕೈಗೆ ಕೊಟ್ಟರು. ಉಗುರು ಆಡಿಸಿದರೆ ತುಕ್ಕಿನ ಗುಳಿ ತಾಗುತ್ತಿತ್ತು. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಲ್ಲಿ ಎರಡು ಹನಿ ಹಾಕುತ್ತಿದ್ದವು, ಬಿಳಿ ಹೊಗೆಗೆ ಅದೇ ಕಾರಣ. ಬೋರ್ ಚೆನ್ನಾಗೇ ಇತ್ತು!

ಏರ್ ಹಿಡಿಯುತ್ತಿದ್ದದ್ದು ಬೇರೆ ಕಡೆಯಿಂದ. ಹಳೇ ರಬ್ಬರ್ ಪೈಪು, ಸೀಲು. 2020ರ ಏಪ್ರಿಲ್‌ನಿಂದ ಬರುವ ಬಿಎಸ್6 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 10 ಭಾಗ ಅಷ್ಟೇ, ಬಿಎಸ್3 ಕಾಲದಲ್ಲಿ 350 ಇತ್ತು. ಡೀಸೆಲ್ ಬದಲಾದಾಗ ಹಳೇ ಸೀಲುಗಳು ಕುಗ್ಗುವುದುಂಟು. ಟ್ಯಾಂಕಿನಿಂದ ಫೀಡ್ ಪಂಪಿನ (ಡೀಸೆಲ್ ಎಳೆದುಕೊಳ್ಳುವ ಚಿಕ್ಕ ಪಂಪು) ತನಕ ಎಳೆಯುವ ಲೈನು ಅಲ್ವಾ, ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತದೆ. ನಾವು ಹೊರಗೆ ಒದ್ದೆ ಹುಡುಕುತ್ತಾ ಕೂತಿದ್ದೆವು. ಸೀಲೆಲ್ಲ ಡೀಸೆಲ್ ತಡೆದುಕೊಳ್ಳುವ ವೈಟಾನ್ ರಬ್ಬರಿನದು ಹಾಕಿಸಿದರು, ಪೈಪೂ ಹೊಸದು.

ಬಿಲ್ 19,500, ಹಳೇ ಸಾಮಾನು ವಾಪಸ್ ಕೊಟ್ಟರು. ಟ್ಯಾಂಕ್ ನಾವೇ ಇಳಿಸಿ ತೊಳೆದೆವು.

ಬೇಜಾರೂ ಇದೆ. ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಆಯಿತು, ಫೋನ್ ಎತ್ತುವುದಿಲ್ಲ. ಗಲ್ಲಿಯಲ್ಲಿ ದೊಡ್ಡ ಗಾಡಿ ತಿರುಗಲ್ಲ, ಪಂಪ್ ಬಿಚ್ಚಿಯೇ ಒಯ್ಯಬೇಕು. ಆದರೂ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ಎರಡು ತಿಂಗಳಾಯಿತು, ಗದಗ–ಹುಬ್ಬಳ್ಳಿ ನಾಲ್ಕು ಸಲ ಓಡಿದೆ, ಒಮ್ಮೆಯೂ ಏರ್ ತೆಗೆದಿಲ್ಲ. ಈಗ ನಿಲ್ಲಿಸುವ ಮೊದಲು ಮಾವ ಟ್ಯಾಂಕ್ ಕಂಠಮಟ್ಟ ತುಂಬಿಸುತ್ತಾರೆ, ತಿಂಗಳಿಗೊಮ್ಮೆ ತಳದ ನೀರು ಬಿಡುತ್ತಾರೆ.

ಹೋಗುವವರು ಬಾಟಲಿ ಮರೆಯಬೇಡಿ. ಹಳೇ ಫಿಲ್ಟರೂ ಎಸೆಯಬೇಡಿ, ಚಾಚಾ ಅದನ್ನೂ ಕೊಯ್ದು ನೋಡುತ್ತಾರೆ.